ಬಯಲುಸೀಮೆಯಿಂದ ಶಿರಸಿಗೆ ಬಂದು ನೆಲೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬಳ್ಳಾರಿ, ವಿಜಯಪುರ, ಬೆಂಗಳೂರಿನ ಕಡೆಯಿಂದ ವರ್ಗಾವಣೆಯಾಗಿಯೋ, ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕಿಯೋ, ನಿವೃತ್ತಿಯ ನಂತರವೋ ಶಿರಸಿಗೆ ಬರುವವರು ಮನೆ ಹುಡುಕುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಹೆಚ್ಚಿನವರು ಚಳಿಯ ಬಗ್ಗೆ ವಿಚಾರಿಸುತ್ತಾರೆ. ಇಲ್ಲಿ ನಿಜವಾದ ತಯಾರಿ ಬೇಕಾಗುವುದು ತೇವಕ್ಕೆ, ಮತ್ತು ಆ ತಯಾರಿ ಬೇಸಿಗೆಯಲ್ಲೇ ಮುಗಿದಿರಬೇಕು. ಕೆಳಗಿನ ಉತ್ತರಗಳನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಶಿರಸಿಯಲ್ಲಿ ಮಳೆ ನಿಜವಾಗಿ ಎಷ್ಟು? ಉತ್ತರ ಕನ್ನಡದಲ್ಲೆಲ್ಲ ಒಂದೇ ತರಹವೇ?

ಶಿರಸಿಯಲ್ಲಿ ವರ್ಷಕ್ಕೆ ಸರಾಸರಿ 2500 ಮಿಲಿಮೀಟರ್‌ನಷ್ಟು ಮಳೆಯಾಗುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು 1000 ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ, ವಿಜಯಪುರದಲ್ಲಿ 600ರ ಆಸುಪಾಸು ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದುದು, ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ನಕ್ಷತ್ರಗಳ ಅವಧಿಯಲ್ಲಿ, ಅಂದರೆ ಜೂನ್ ಕೊನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ಜಡಿಮಳೆ ಹಿಡಿದರೆ ಹಲವು ದಿನ ಹೊಳವಾಗುವುದೇ ಇಲ್ಲ, ಅಂದರೆ ಮಳೆ ಬಿಡುವು ಕೊಡುವುದಿಲ್ಲ.

ಜಿಲ್ಲೆಯೊಳಗೆ ವ್ಯತ್ಯಾಸ ಬಹಳವಿದೆ. ಕಡಲಿನ ಕಡೆಯಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ಮಳೆಯನ್ನು ಸುರಿಸಿಬಿಡುವುದರಿಂದ ಕರಾವಳಿಯಲ್ಲೂ ಘಟ್ಟದ ಅಂಚಿನಲ್ಲೂ ಮಳೆ ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ. ಕಾರವಾರದಲ್ಲಿ 3000 ಮಿಲಿಮೀಟರ್ ದಾಟುವ ಮಳೆ, ಮುಂಡಗೋಡ ಮತ್ತು ಹಳಿಯಾಳಕ್ಕೆ ಬರುವ ಹೊತ್ತಿಗೆ 1200ರ ಆಸುಪಾಸಿಗೆ ಇಳಿಯುತ್ತದೆ. ಶಿರಸಿ ತಾಲ್ಲೂಕಿನಲ್ಲೇ ಪಶ್ಚಿಮದ ವಾನಳ್ಳಿ, ಮತ್ತಿಘಟ್ಟದ ಕಡೆಯ ಮಳೆಗಾಲಕ್ಕೂ ಪೂರ್ವದ ಬನವಾಸಿ, ದಾಸನಕೊಪ್ಪದ ಮಳೆಗಾಲಕ್ಕೂ ಹೋಲಿಕೆಯಿಲ್ಲ. ದಮ್ಮಿನ ತೊಂದರೆಯಿರುವ ಹಿರಿಯರು ಮನೆಯಲ್ಲಿದ್ದರೆ ಪೂರ್ವದ ಕಡೆ ಮನೆ ನೋಡುವುದು ಒಳ್ಳೆಯದು.

ಚಳಿ ಎಷ್ಟಿರುತ್ತದೆ?

ಊರು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಯ ಆಚೀಚೆ ಇರುತ್ತದೆ. ಒಂದು ಸ್ವೆಟರ್, ಒಂದು ದಪ್ಪ ಕಂಬಳಿ ಸಾಕು. ಮಳೆಗಾಲದ ಹಗಲು 25 ಡಿಗ್ರಿಯ ಸುತ್ತಮುತ್ತ ಇದ್ದರೂ ಗಾಳಿಯ ತೇವ ಮತ್ತು ಬಿಸಿಲಿಲ್ಲದ ದಿನಗಳಿಂದಾಗಿ ಮೈಗೆ ಅದಕ್ಕಿಂತ ಹೆಚ್ಚು ಥಂಡಿಯೆನಿಸುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿಯೂ ಸೆಕೆಯಿದೆ, ಫ್ಯಾನ್ ಬೇಕೇ ಬೇಕು.

ಯಾವ ತಿಂಗಳಲ್ಲಿ ಮನೆ ಬದಲಿಸುವುದು ಸೂಕ್ತ?

ಜನವರಿಯಿಂದ ಏಪ್ರಿಲ್‌ವರೆಗೆ. ಶಾಲೆಯ ವರ್ಷ ಮುಗಿಯುವುದನ್ನು ಕಾಯುವವರು ಮೇ ಮೊದಲೆರಡು ವಾರಗಳಲ್ಲಾದರೂ ಸಾಮಾನು ಸಾಗಿಸಬೇಕು. ಜೂನ್ ತಿಂಗಳಲ್ಲಿ ಲಾರಿಯಿಂದ ಇಳಿಸಿದ ಹಾಸಿಗೆ ಒಮ್ಮೆ ತೇವ ಹಿಡಿಯಿತೆಂದರೆ ಅದನ್ನು ಒಣಗಿಸುವ ಬಿಸಿಲು ನವರಾತ್ರಿಯವರೆಗೆ ಸಿಗದೇ ಹೋಗಬಹುದು. ಮೊದಲೇ ಬಂದರೆ ಇನ್ನೊಂದು ಲಾಭವೂ ಇದೆ: ಹೆಂಚು ಸರಿಪಡಿಸುವವರು, ಮಾಡಿಗೆ (ಇಳಿಜಾರು ಛಾವಣಿಗೆ) ತಗಡು ಹಾಕುವವರು, ವಯರಿಂಗ್ ಮಾಡುವವರು ಮೇ ಕೊನೆಯ ಹೊತ್ತಿಗೆ ಯಾರ ಕೈಗೂ ಸಿಗುವುದಿಲ್ಲ, ಏಕೆಂದರೆ ಊರಿನ ಎಲ್ಲ ಮನೆಗಳಿಗೂ ಅವರು ಅದೇ ವಾರಗಳಲ್ಲಿ ಬೇಕಾಗಿರುತ್ತಾರೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚ್‌ನಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಪೇಟೆಯ ರಸ್ತೆಗಳಿಗೆ ಲಾರಿ ತರುವ ಯೋಚನೆ ಬೇಡ.

ಬಾಡಿಗೆ ಮನೆ ನೋಡುವಾಗ ಯಾವುದನ್ನು ಗಮನಿಸಬೇಕು?

ಬೇಸಿಗೆಯಲ್ಲಿ ನೋಡಿದಾಗ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಆದ್ದರಿಂದ ಮನೆಯ ಅಂದಕ್ಕಿಂತ ಮೊದಲು ಅದರ ಪಶ್ಚಿಮದ ಗೋಡೆಯನ್ನು ನೋಡಬೇಕು. ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಇರಚಲು ಹೊಡೆಯುವುದು ಆ ಗೋಡೆಗೆ. ಅಲ್ಲಿ ಅಗಲವಾದ ಸಜ್ಜಾ ಅಥವಾ ಮುಂದಕ್ಕೆ ಚಾಚಿದ ಮಾಡು ಇದೆಯೇ, ಗೋಡೆಯ ಒಳಮೈಯಲ್ಲಿ ಬಣ್ಣ ಹೊಪ್ಪಳಿಕೆಯಾಗಿ ಎದ್ದಿದೆಯೇ, ನೆಲದಿಂದ ಮೊಣಕಾಲೆತ್ತರದವರೆಗೆ ಕಂದು ಗೆರೆಯೇನಾದರೂ ಉಳಿದಿದೆಯೇ ಎಂದು ಕೈಯಿಟ್ಟು ನೋಡಬೇಕು. ಈಚೆಗೆ ಬಣ್ಣ ಬಳಿದಿದ್ದರೆ ಕಪಾಟಿನ ಹಿಂಭಾಗವನ್ನೂ ಮಂಚದ ಕೆಳಗಿನ ಮೂಲೆಯನ್ನೂ ನೋಡಿ, ಅಲ್ಲಿಗೆ ಬಣ್ಣ ಬಳಿಯುವವರ ಕೈ ಸಾಮಾನ್ಯವಾಗಿ ಹೋಗಿರುವುದಿಲ್ಲ.

ಶಿರಸಿಯಲ್ಲಿ ತಾರಸಿ ಮನೆಗಳ ಮೇಲೂ ತಗಡಿನ ಅಥವಾ ಹೆಂಚಿನ ಮಾಡು ಇರುವುದನ್ನು ಕಂಡು ಹೊಸಬರು ಆಶ್ಚರ್ಯಪಡುತ್ತಾರೆ. ನಾಲ್ಕು ತಿಂಗಳು ಬಿಡದೆ ನೆನೆಯುವ ಕಾಂಕ್ರೀಟು ಎಷ್ಟೇ ಗಟ್ಟಿಯಿದ್ದರೂ ನೀರನ್ನು ಕೆಳಗೆ ಬಿಡುತ್ತದೆಂಬ ಅನುಭವದಿಂದ ಬಂದ ವ್ಯವಸ್ಥೆ ಅದು. ಮಾಡಿಲ್ಲದ ಬರಿಯ ತಾರಸಿಯ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಒಪ್ಪಿಕೊಳ್ಳಬಾರದು. ಆ ಮಾಡಿನ ಕೆಳಗಿನ ಜಾಗವೇ ಬಟ್ಟೆ ಒಣಗಿಸಲು, ಕಟ್ಟಿಗೆ ಇಡಲು, ಮಕ್ಕಳು ಆಡಲು ಒದಗುತ್ತದೆ. ಅದನ್ನು ಬಾಡಿಗೆದಾರರು ಬಳಸಬಹುದೇ ಎಂದು ಮಾಲೀಕರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಹೆಂಚಿನ ಮನೆ ಸಿಕ್ಕರೆ ಹಿಂಜರಿಯಬೇಕಾಗಿಲ್ಲ. ಹೆಂಚು ಒಡೆದಲ್ಲಿ ಸೋರುತ್ತದೆ ನಿಜ, ಆದರೆ ಒಡೆದ ಹೆಂಚನ್ನು ಬದಲಿಸುವುದು ಅರ್ಧ ದಿನದ ಕೆಲಸ. ಬಿರುಕು ಬಿಟ್ಟ ತಾರಸಿಯ ಸೋರಿಕೆಯನ್ನು ಪತ್ತೆಹಚ್ಚುವುದಕ್ಕೇ ಒಂದು ಮಳೆಗಾಲ ಬೇಕು. ಮನೆಯ ಹಿಂದೆ ಧರೆ, ಅಂದರೆ ಗುಡ್ಡದ ಮಣ್ಣಿನ ಬದಿ, ಕಡಿದು ನೆಲ ಸಮತಟ್ಟು ಮಾಡಿದ್ದರೆ ಮಾತ್ರ ಎರಡು ಬಾರಿ ಯೋಚಿಸಿ. ಹೊಸದಾಗಿ ಕಡಿದ ಧರೆ ಮಳೆಯಲ್ಲಿ ಕುಸಿಯುತ್ತದೆ, ಕುಸಿಯದಿದ್ದರೂ ಅದರಿಂದ ಒಸರುವ ನೀರು ಹಿಂಬದಿಯ ಗೋಡೆಯನ್ನು ಹಿಡಿಯುತ್ತದೆ.

ಬಟ್ಟೆ ಒಣಗುವುದೇ ಇಲ್ಲ ಎನ್ನುತ್ತಾರೆ, ನಿಜವೇ?

ಜುಲೈ ತಿಂಗಳಲ್ಲಿ ದಪ್ಪ ಜೀನ್ಸ್ ಪ್ಯಾಂಟು, ಟರ್ಕಿ ಟವಲು, ಹೊದಿಕೆಗಳು ಹಗ್ಗದ ಮೇಲೆ ಎಷ್ಟು ದಿನವಿದ್ದರೂ ಒಣಗದೆ ಮುಗ್ಗಲು ವಾಸನೆ ಬರಿಸಿಕೊಳ್ಳುತ್ತವೆ. ಗಾಳಿಯೇ ನೀರಿನಿಂದ ತುಂಬಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಆದ್ದರಿಂದ ಬಟ್ಟೆಗೆ ಸ್ವಲ್ಪವಾದರೂ ಕಾವು ಬೇಕು, ಜೊತೆಗೆ ಗಾಳಿಯ ಓಡಾಟ ಬೇಕು.

ಹಳ್ಳಿಯ ಮನೆಗಳಲ್ಲಿ ಇದಕ್ಕೆ ಬಚ್ಚಲುಮನೆಯ ಒಲೆಯೇ ಆಧಾರ. ಸ್ನಾನದ ಹಂಡೆಯ ಕೆಳಗೆ ಬೆಳಿಗ್ಗೆ ಹಾಕಿದ ಕುಂಟೆ (ದಪ್ಪ ಕಟ್ಟಿಗೆ) ಸಂಜೆಯವರೆಗೂ ಕೆಂಡವಾಗಿ ಉಳಿದಿರುತ್ತದೆ. ಒಲೆಯಿಂದ ಆಳೆತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಬಿದಿರಿನ ಗಳುವಿನ ಮೇಲೆ ಮಕ್ಕಳ ಸಮವಸ್ತ್ರವನ್ನೂ ಒಳಉಡುಪುಗಳನ್ನೂ ಸಾಲಾಗಿ ಹರವಿರುತ್ತಾರೆ. ಸಂಜೆ ಶಾಲೆಯಿಂದ ಬಂದು ಬಿಚ್ಚಿ ಹಾಕಿದ ಒದ್ದೆ ಅಂಗಿ ಮರುದಿನ ಬೆಳಿಗ್ಗೆ ಹೊಗೆಯ ಸಣ್ಣ ವಾಸನೆಯೊಂದಿಗೆ ಬೆಚ್ಚಗೆ ಸಿದ್ಧವಾಗಿರುತ್ತದೆ. ಇಲ್ಲಿನ ತರಗತಿಗಳಲ್ಲಿ ಆ ವಾಸನೆಯನ್ನು ಯಾರೂ ವಿಶೇಷವೆಂದು ತಿಳಿಯುವುದಿಲ್ಲ.

ಪೇಟೆಯ ಬಾಡಿಗೆ ಮನೆಯಲ್ಲಿ ಒಲೆಯಿರುವುದಿಲ್ಲ. ಅಲ್ಲಿ ಒಂದು ಸಣ್ಣ ಕೋಣೆಯನ್ನು ಬಟ್ಟೆಗೆಂದೇ ಬಿಟ್ಟು, ಮಡಚುವ ಸ್ಟ್ಯಾಂಡಿನ ಎದುರು ಟೇಬಲ್ ಫ್ಯಾನ್ ಇಟ್ಟು, ಕಿಟಕಿಯನ್ನು ಸ್ವಲ್ಪವೇ ತೆರೆದಿಡಬೇಕು. ವಾಷಿಂಗ್ ಮಷಿನ್ ಕೊಳ್ಳುವವರು ನೀರು ಹಿಂಡುವ ವೇಗ ಹೆಚ್ಚಿರುವುದನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಒಮ್ಮೆಗೆ ರಾಶಿ ಬಟ್ಟೆ ಒಗೆಯದೆ ದಿನಕ್ಕೆ ಕೆಲವನ್ನೇ ಒಗೆಯುವುದು ಇಲ್ಲಿನ ರೂಢಿ. ಸಮವಸ್ತ್ರ ಇನ್ನೊಂದು ಜೊತೆ ಹೊಲಿಸಿಡಿ. ತೆಳುವಾದ, ಬೇಗ ಒಣಗುವ ಬಟ್ಟೆಗಳನ್ನು ಮಳೆಗಾಲಕ್ಕೆಂದು ಬೇರೆ ತೆಗೆದಿಡಿ.

ಯಾವ ಸಾಮಾನು ತರಬೇಕು, ಯಾವುದನ್ನು ಬಿಟ್ಟು ಬರಬೇಕು?

ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಕಪಾಟು, ಟೇಬಲ್ಲುಗಳು ಮೊದಲ ಮಳೆಗಾಲದಲ್ಲೇ ಅಂಚಿನಿಂದ ಉಬ್ಬಿಕೊಳ್ಳುತ್ತವೆ. ಅವುಗಳಿಗೆ ಲಾರಿ ಬಾಡಿಗೆ ಕೊಡುವ ಬದಲು ಅಲ್ಲಿಯೇ ಮಾರಿ ಬರುವುದು ಲೇಸು. ಕಬ್ಬಿಣದ ಕಪಾಟನ್ನು ತರಬಹುದು, ಆದರೆ ಗೋಡೆಗೆ ತಾಗಿಸದೆ ನಾಲ್ಕು ಬೆರಳು ಈಚೆಗೆ, ಕಾಲಿನ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು. ಚರ್ಮದ ಚಪ್ಪಲಿ, ಬೆಲ್ಟು, ಕೈಚೀಲಗಳ ಮೇಲೆ ವಾರದೊಳಗೆ ಬಿಳಿಯ ಬೂಷ್ಟು ಕೂರುತ್ತದೆ. ಕ್ಯಾಮೆರಾದ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಪದವಿ ಪ್ರಮಾಣಪತ್ರ, ಆಸ್ತಿಪತ್ರಗಳಿಗೂ ಇದೇ ವ್ಯವಸ್ಥೆ ಬೇಕು. ರೇಷ್ಮೆ ಸೀರೆಗಳನ್ನು ಮೇ ತಿಂಗಳಲ್ಲಿ ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಡುವುದು ವಾಡಿಕೆ.

ತಪ್ಪದೆ ಬೇಕಾದವು: ಪ್ರತಿಯೊಬ್ಬರಿಗೂ ಉದ್ದ ಕಾವಿನ ದೊಡ್ಡ ಕೊಡೆ, ಬೈಕಿನವರಿಗೆ ಅಂಗಿ-ಪ್ಯಾಂಟು ಬೇರೆಬೇರೆಯಾಗಿರುವ ರೇನ್‌ಕೋಟು, ನೀರಿಗೆ ಹಾಳಾಗದ ಪಾದರಕ್ಷೆ, ಗಟ್ಟಿ ಮುಚ್ಚಳದ ಡಬ್ಬಿಗಳು. ಇವನ್ನು ಶಿರಸಿ ಪೇಟೆಯಲ್ಲೇ ಕೊಳ್ಳುವುದು ಉತ್ತಮ. ಇಲ್ಲಿನ ಮಳೆಗೆ ಯಾವುದು ತಡೆಯುತ್ತದೆಂಬುದು ಇಲ್ಲಿನ ಅಂಗಡಿಯವರಿಗೆ ಚೆನ್ನಾಗಿ ತಿಳಿದಿದೆ.

ಜೋಳದ ರೊಟ್ಟಿ ತಿನ್ನುವವರು ನಾವು. ಅಡುಗೆಮನೆಯಲ್ಲಿ ಏನು ಬದಲಾಗುತ್ತದೆ?

ಜೋಳ ಸಿಗುತ್ತದೆ. ಹಿಟ್ಟನ್ನು ಮಾತ್ರ ತಿಂಗಳಿಗಾಗುವಷ್ಟು ಬೀಸಿಸಿಡಬೇಡಿ, ವಾರಕ್ಕೆ ಬೇಕಾದಷ್ಟೇ ಸಾಕು. ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗುತ್ತದೆ, ಬೇಳೆಗೆ ಹುಳ ಬೀಳುತ್ತದೆ. ಬೇಳೆಕಾಳುಗಳನ್ನು ಮೇ ತಿಂಗಳ ಬಿಸಿಲಿಗೆ ಒಣಗಿಸಿ ತುಂಬಿಡಬೇಕು. ಹಲಸಿನ ಹಪ್ಪಳ, ಅಪ್ಪೆಮಿಡಿಯ ಉಪ್ಪಿನಕಾಯಿಯಂಥವು ಇಲ್ಲಿನ ಮನೆಗಳಲ್ಲಿ ಬೇಸಿಗೆಯಲ್ಲೇ ಸಿದ್ಧವಾಗುವುದು ಮಳೆಗಾಲದಲ್ಲಿ ತರಕಾರಿ ಕಡಿಮೆಯಾಗುವುದರಿಂದ. ಮಳೆಗಾಲ ಕೊಡುವ ಪದಾರ್ಥಗಳೂ ಇವೆ: ಕೆಸುವಿನ ಎಲೆಯ ಪತ್ರೊಡೆ, ಕಳಲೆಯ (ಎಳೆ ಬಿದಿರಿನ ಮೊಳಕೆಯ) ಪಲ್ಯ, ಹಿತ್ತಿಲ ಸೊಪ್ಪುಗಳ ತಂಬುಳಿ. ಇವನ್ನು ನೆರೆಮನೆಯವರಿಂದ ಕಲಿತುಕೊಳ್ಳಿ, ಅದರಲ್ಲೂ ಕಳಲೆಯನ್ನು ಕತ್ತರಿಸಿ, ನೀರು ಬದಲಿಸುತ್ತ ನೆನೆಸಿಡುವ ಕ್ರಮವನ್ನು ಕೇಳಿ ತಿಳಿಯದೆ ಅಡುಗೆ ಮಾಡಬಾರದು.

ವಿದ್ಯುತ್ ಮತ್ತು ಇಂಟರ್ನೆಟ್ ಹೇಗಿದೆ? ಮನೆಯಿಂದ ಕೆಲಸ ಮಾಡಬಹುದೇ?

ಪೇಟೆಯಲ್ಲಿ ಮಾಡಬಹುದು. ಹಳ್ಳಿಯಲ್ಲಿ ಆ ನಿರ್ದಿಷ್ಟ ಮನೆಯಲ್ಲಿ ನಿಂತು ಪರೀಕ್ಷಿಸದೆ ಹೌದೆನ್ನಲಾಗದು. ವಿದ್ಯುತ್ ತಂತಿಗಳು ಕಾಡಿನ ನಡುವೆ ಹಾದುಬರುವುದರಿಂದ ಗಾಳಿಮಳೆಗೆ ಮರ ಬಿದ್ದರೆ ಕತ್ತಲೆಯಾಗುತ್ತದೆ; ಪೇಟೆಯಲ್ಲಿ ಗಂಟೆಗಳಲ್ಲಿ ಸರಿಯಾಗುವುದು ಒಳಗಿನ ಹಳ್ಳಿಗಳಲ್ಲಿ ದಿನಗಳನ್ನು ತೆಗೆದುಕೊಳ್ಳಬಹುದು. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳ ಕಷ್ಟವನ್ನು ಒಮ್ಮೆ ಕಣ್ಣಾರೆ ಕಂಡವರು ತಡವಾಯಿತೆಂದು ಅವರ ಮೇಲೆ ರೇಗಲಾರರು. ಹೆಸ್ಕಾಂಗೆ ದೂರು ಕೊಡಲು 1912 ಸಂಖ್ಯೆಯಿದೆ. ಉತ್ತಮ ಬ್ಯಾಟರಿಯ ಇನ್ವರ್ಟರ್ ಅನಿವಾರ್ಯ. ಆದರೆ ಕರೆಂಟು ಹೋದಾಗ ಮೊಬೈಲ್ ಟವರುಗಳೂ ಮೂಕವಾಗುವುದರಿಂದ ಫೈಬರ್ ಸಂಪರ್ಕದ ಜೊತೆಗೆ ಬೇರೆ ಕಂಪನಿಯ ಒಂದು ಸಿಮ್ ಇಟ್ಟುಕೊಳ್ಳಬೇಕು.

ಗುಡುಗು ಸಿಡಿಲಿನ ಕಾಟ ಹೆಚ್ಚಿರುವುದು ಜಡಿಮಳೆಯ ದಿನಗಳಲ್ಲಲ್ಲ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಮತ್ತು ಮುಂಗಾರು ಹಿಂದೆ ಸರಿಯುವ ಅಕ್ಟೋಬರ್‌ನ ಸಂಜೆಗಳಲ್ಲಿ ಮೋಡ ಕಪ್ಪಿಟ್ಟ ಕೂಡಲೇ ರೂಟರ್, ಟಿವಿ, ಪಂಪ್‌ಗಳ ಪ್ಲಗ್ಗನ್ನು ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಫೋನಿನಲ್ಲಿರಲಿ.

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿನ ಕೊರತೆ ಬರುತ್ತದೆಯೇ?

ಬರುತ್ತದೆ, ಮತ್ತು ಇದು ಬಯಲುಸೀಮೆಯವರು ಎಂದೂ ಊಹಿಸದ ಸಂಗತಿ. ಇಳಿಜಾರಿನ ನೆಲದಲ್ಲಿ ಬಿದ್ದ ಮಳೆ ಹಳ್ಳ ಸೇರಿ, ಹೊಳೆ ಸೇರಿ, ಬೇಗನೆ ಕಡಲಿಗೆ ಇಳಿದುಹೋಗುತ್ತದೆ. ಅಘನಾಶಿನಿಯ ಉಗಮಗಳಲ್ಲೊಂದಾದ ಶಂಕರ ಹೊಂಡ ಶಿರಸಿ ಪೇಟೆಯಲ್ಲೇ ಇದ್ದರೂ ಏಪ್ರಿಲ್, ಮೇ ತಿಂಗಳಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಿವೆ. ನಗರಕ್ಕೆ ನೀರು ಬರುವುದು ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ. ಹೊಳೆಯ ಹರಿವು ಸಣ್ಣದಾದರೆ ಪೂರೈಕೆಯೂ ಸಣ್ಣದಾಗುತ್ತದೆ. ಬಾವಿಯಿರುವ ಮನೆಯನ್ನು ಮೇ ತಿಂಗಳಲ್ಲಿ ನೋಡಿ, ಆಗ ಬಾವಿಯಲ್ಲಿ ಎಷ್ಟು ನೀರಿದೆಯೋ ಅದೇ ಆ ಮನೆಯ ನಿಜವಾದ ನೀರು. ಮಳೆಗಾಲದಲ್ಲಿ ಬಾವಿ ತುಂಬಿ ನೀರು ಕದಡುವುದರಿಂದ ಸೋಸಿ, ಕುದಿಸಿಯೇ ಕುಡಿಯಬೇಕು.

ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಸುರಕ್ಷಿತವೇ?

ಶಿರಸಿಯಿಂದ ಹುಬ್ಬಳ್ಳಿ, ಹಾವೇರಿಯ ಕಡೆಗೆ ಹೋಗುವ ರಸ್ತೆಗಳಲ್ಲಿ ಘಟ್ಟವಿಲ್ಲ. ಕರಾವಳಿಗೆ ಇಳಿಯಲು ದೇವಿಮನೆ ಘಟ್ಟವಿದೆ. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ, ಸಿದ್ದಾಪುರದಿಂದ ಕುಮಟೆಗೆ ದೊಡ್ಮನೆ ಘಟ್ಟ. ಭಾರೀ ಮಳೆಯ ದಿನಗಳಲ್ಲಿ ಇವುಗಳಲ್ಲಿ ಮಣ್ಣು ಜರಿಯುವುದು, ಮರ ಬೀಳುವುದು, ಸಂಚಾರ ನಿಲ್ಲಿಸುವುದು ಹೊಸದಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ನಾಶವಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿ ನದಿಯವರೆಗೆ ಜಾರಿ ಜೀವಗಳನ್ನು ಬಲಿತೆಗೆದುಕೊಂಡಿತು. ಇವನ್ನು ಹೆದರಿಸಲು ಬರೆದಿಲ್ಲ. ಮುನ್ಸೂಚನೆಯನ್ನು ಲಘುವಾಗಿ ತೆಗೆದುಕೊಳ್ಳಬಾರದೆಂದು ಕಾಳಜಿಯಿಂದ ಬರೆದಿದೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ ಮಳೆ. ಆರೆಂಜ್ ಅಥವಾ ರೆಡ್ ಅಲರ್ಟ್ ಇರುವ ದಿನ ರಾತ್ರಿ ಹೊತ್ತು ಘಟ್ಟ ಇಳಿಯುವ ಕೆಲಸವನ್ನು ಮುಂದೂಡಿ. ತುರ್ತು ಸಂದರ್ಭಕ್ಕೆ ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಶಿರಸಿಗೆ ರೈಲು ಇಲ್ಲ. ಕೊಂಕಣ ರೈಲ್ವೆಯ ಕುಮಟಾ, ಸಾಗರ ತಾಲ್ಲೂಕಿನ ತಾಳಗುಪ್ಪ, ಪೂರ್ವಕ್ಕೆ ಹಾವೇರಿ ಬಳಕೆಯಲ್ಲಿರುವ ನಿಲ್ದಾಣಗಳು. ಮಳೆಗಾಲದಲ್ಲಿ ರೈಲು ಹಿಡಿಯಬೇಕಾದರೆ ಹಾವೇರಿ ಹೆಚ್ಚು ಭರವಸೆಯದು.

ಶಾಲೆಗೆ ಎಷ್ಟು ದಿನ ಮಳೆರಜೆ?

ನಿಗದಿಯಿಲ್ಲ. ಜಿಲ್ಲಾಡಳಿತವು ಪರಿಸ್ಥಿತಿ ನೋಡಿ ತಾಲ್ಲೂಕುವಾರು ರಜೆ ಘೋಷಿಸುತ್ತದೆ, ಆ ಪಾಠಗಳನ್ನು ಮುಂದೆ ಸರಿದೂಗಿಸಲಾಗುತ್ತದೆ. ಚಿಕ್ಕ ಮಕ್ಕಳು ಹಳ್ಳ ದಾಟಿ ಹೋಗಬೇಕಾದ ಶಾಲೆಯನ್ನು ಆರಿಸಿಕೊಳ್ಳಬೇಡಿ.

ಆರೋಗ್ಯದ ವಿಷಯದಲ್ಲಿ ಯಾವ ಎಚ್ಚರಿಕೆ ಬೇಕು?

ದಮ್ಮು, ಅಲರ್ಜಿ ಇರುವವರಿಗೆ ಬೂಷ್ಟು ದೊಡ್ಡ ಶತ್ರು. ಗೋಡೆಯ ಮೇಲೆ ಕಪ್ಪು ಚುಕ್ಕೆ ಕಂಡ ದಿನವೇ ಒರೆಸಬೇಕು, ಅಂಥ ಕೋಣೆಯಲ್ಲಿ ಅವರನ್ನು ಮಲಗಿಸಬಾರದು. ಕೆಸರುನೀರಿನಲ್ಲಿ ಬರಿಗಾಲಿನ ಓಡಾಟದಿಂದ ಇಲಿಜ್ವರ ತಗಲಬಹುದಾದ್ದರಿಂದ ಕಾಲಿಗೆ ಗಾಯವಿದ್ದಾಗ ತೋಟ, ಗದ್ದೆಗೆ ಇಳಿಯಬಾರದು. ಉಂಬಳ (ಜಿಗಣೆ) ಕಚ್ಚಿದರೆ ಹೆದರಬೇಕಾಗಿಲ್ಲ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ.

ಮಂಗನ ಕಾಯಿಲೆ ಮಾತ್ರ ಬೇರೆ ಋತುವಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗಿನ (ಉಣ್ಣೆಹುಳದ) ಕಡಿತದಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ನೆರೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಈಚಿನ ವರ್ಷಗಳಲ್ಲೂ ಕಾಣಿಸಿಕೊಂಡಿದೆ. ಕಾಡಿನಲ್ಲಿ ಮಂಗ ಸತ್ತುಬಿದ್ದಿರುವುದನ್ನು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಶಿರಸಿಯಲ್ಲಿ ಸರ್ಕಾರಿ ಆಸ್ಪತ್ರೆಯೂ ಖಾಸಗಿ ಆಸ್ಪತ್ರೆಗಳೂ ಇವೆ. ಹೃದಯ, ನರರೋಗದಂಥ ವಿಶೇಷ ಚಿಕಿತ್ಸೆಗೆ ಜನ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿಗೆ ಹೋಗುತ್ತಾರೆ. ನಿಯಮಿತ ತಪಾಸಣೆ ಬೇಕಾದವರು ಈ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿರ್ಧರಿಸಬೇಕು.

ತಂಪಿಗಾಗಿ ಕಾರವಾರಕ್ಕೆ ಹೋಗಬಹುದೇ?

ಕಾರವಾರ ಸುಂದರ ಊರು, ಮಳೆಯೂ ಅಲ್ಲಿ ಹೆಚ್ಚು, ಆದರೆ ತಂಪಿನ ಊರಲ್ಲ. ಸಮುದ್ರದ ದಡವಾದ್ದರಿಂದ ಮಾರ್ಚ್‌ನಿಂದ ಮೇವರೆಗೆ ಬೆವರು ನಿಲ್ಲದ ಸೆಕೆ, ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಜಿಲ್ಲಾ ಕೇಂದ್ರದ ಕಚೇರಿಗಳು, ವೈದ್ಯಕೀಯ ಕಾಲೇಜು, ರೈಲು ಅಲ್ಲಿನ ಅನುಕೂಲಗಳು. ಪೇಟೆಯಲ್ಲಿ ಕೊಂಕಣಿ ಹೆಚ್ಚು ಕೇಳಿಸಿದರೂ ಕನ್ನಡದಲ್ಲಿ ವ್ಯವಹರಿಸಲು ತೊಡಕಿಲ್ಲ. ಮೀನು ತಿನ್ನುವವರು ಒಂದು ಮಾತು ನೆನಪಿಡಬೇಕು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಒಣಮೀನನ್ನು ಮೇ ತಿಂಗಳಲ್ಲೇ ಕೊಂಡಿಡುತ್ತಾರೆ.

ಸೂರ್ಯನೇ ಕಾಣದ ವಾರಗಳಲ್ಲಿ ಬೇಸರವಾಗುವುದಿಲ್ಲವೇ?

ಮೊದಲ ವರ್ಷ ಆಗುತ್ತದೆ, ವಿಶೇಷವಾಗಿ ಹಗಲಿಡೀ ಮನೆಯಲ್ಲಿರುವವರಿಗೆ. ಅದನ್ನು ದೌರ್ಬಲ್ಯವೆಂದು ತಿಳಿಯದೆ, ಮಳೆಯ ನಡುವೆಯೂ ದಿನಕ್ಕೊಮ್ಮೆ ಕೊಡೆ ಹಿಡಿದು ಹೊರಗೆ ಹೋಗುವ ಅಭ್ಯಾಸ ಇಟ್ಟುಕೊಳ್ಳಬೇಕು. ಯಕ್ಷಗಾನ ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸುವ ಈ ತಿಂಗಳುಗಳಲ್ಲಿ ದೇವಸ್ಥಾನ, ಸಭಾಭವನಗಳಲ್ಲಿ ತಾಳಮದ್ದಲೆಗಳು ನಡೆಯುತ್ತವೆ. ವೇಷವಿಲ್ಲದೆ, ಕುಳಿತಲ್ಲಿಯೇ ಮಾತಿನಿಂದ ಕಥೆ ಕಟ್ಟುವ ಆ ಕಲೆಯನ್ನು ಕೇಳಲು ಆಹ್ವಾನ ಬೇಕಾಗಿಲ್ಲ. ಹೋಗಿ ಕುಳಿತರೆ ಪಕ್ಕದವರು ತಾವಾಗಿಯೇ ಮಾತನಾಡಿಸುತ್ತಾರೆ.

ಬಂದ ಕೂಡಲೇ ಜಾಗ ಕೊಂಡು ಮನೆ ಕಟ್ಟಬಹುದೇ?

ಒಂದು ಪೂರ್ತಿ ಮಳೆಗಾಲವನ್ನೂ ಒಂದು ಪೂರ್ತಿ ಬೇಸಿಗೆಯನ್ನೂ ಬಾಡಿಗೆ ಮನೆಯಲ್ಲಿ ಕಳೆಯದೆ ಏನನ್ನೂ ಕೊಳ್ಳಬೇಡಿ. ನೋಡಿಟ್ಟ ಜಾಗಕ್ಕೆ ಜುಲೈನಲ್ಲಿ ಹೋಗಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಬೇಕು, ಮೇ ತಿಂಗಳಲ್ಲಿ ಹೋಗಿ ಬಾವಿಯನ್ನು ನೋಡಬೇಕು.

ದಾಖಲೆಯ ವಿಷಯದಲ್ಲಿ ಈ ಜಿಲ್ಲೆಗೆ ತನ್ನದೇ ಆದ ತೊಡಕುಗಳಿವೆ. ಜಿಲ್ಲೆಯ ಬಹುಭಾಗ ಅರಣ್ಯ. ಮಾರುವವರು ತೋಟದ ಜೊತೆಗೆ ತೋರಿಸುವ ಹಸಿರು ಗುಡ್ಡ ಅನೇಕ ವೇಳೆ ಬೆಟ್ಟ ಭೂಮಿಯಾಗಿರುತ್ತದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಅದು; ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟದ್ದುಂಟು. ಅದರ ಬಳಕೆಯ ಹಕ್ಕು ತೋಟದವರದು, ನೆಲದ ಒಡೆತನ ಸರ್ಕಾರದ್ದು. ಅಲ್ಲಿ ಮನೆ ಕಟ್ಟಲಾಗದು. ಹಾಗೆಯೇ ಅರಣ್ಯ ಅತಿಕ್ರಮಣದ ಜಾಗಗಳು ಕಡಿಮೆ ಬೆಲೆಗೆ ಬರುತ್ತವೆ. ಅವುಗಳ ಮೇಲೆ ತಲೆಮಾರುಗಳಿಂದ ಬದುಕು ಕಟ್ಟಿಕೊಂಡವರ ಪ್ರಶ್ನೆಯೇ ಇನ್ನೂ ಇತ್ಯರ್ಥವಾಗದಿರುವಾಗ ಹೊಸಬರು ಅದರೊಳಗೆ ಹೋಗಬಾರದು. ಪಹಣಿಯ ಪ್ರತಿ ಕಾಲಂ ಓದಿಸಿ, ಸರ್ವೆ ನಕ್ಷೆಯೊಂದಿಗೆ ಗಡಿಗಳನ್ನು ನಡೆದು ನೋಡಿ, ಮನೆ ನಿವೇಶನವಾದರೆ ಇ-ಸ್ವತ್ತು ಅಥವಾ ನಗರಸಭೆಯ ಖಾತೆ ಇದೆಯೇ ಎಂದು ಖಚಿತಪಡಿಸಿಕೊಂಡು, ಶಿರಸಿಯಲ್ಲೇ ವಕೀಲಿ ಮಾಡುವವರೊಬ್ಬರಿಂದ ಲಿಖಿತ ಅಭಿಪ್ರಾಯ ಪಡೆದ ನಂತರವೇ ಮುಂಗಡ ಕೊಡಬೇಕು.